ಒಂದೇ ಸ್ಯಾಂಪಲ್‌ಗೆ ಎರಡು ಕೌಂಟ್: ಹೊಸ ಟೆಕ್ನಿಷಿಯನ್‌ಗಳಿಗೆ ಹೇಗೆ ಕಲಿಸಲಿ?

ಲ್ಯಾಬ್ ಇನ್‌ಚಾರ್ಜ್, ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಮುಗಿಸಿದ ಇಬ್ಬರು ನಮ್ಮಲ್ಲಿ ಹೊಸದಾಗಿ ಸೇರಿದ್ದಾರೆ. ರಕ್ತದ ಕೆಲಸದಲ್ಲಿ ಇಬ್ಬರೂ ಚುರುಕು. ಆದರೆ ಸೆಮೆನ್ ಅನಾಲಿಸಿಸ್‌ನಲ್ಲಿ (ವೀರ್ಯ ಪರೀಕ್ಷೆ) ಒಂದೇ ಸ್ಯಾಂಪಲ್‌ಗೆ ಒಬ್ಬರು 22 ಮಿಲಿಯನ್ ವೀರ್ಯಾಣು ಅಂತ ಬರೆದರೆ ಇನ್ನೊಬ್ಬರು 38 ಬರೆಯುತ್ತಾರೆ. ಲೆಕ್ಕ ಹಾಕುವುದರಲ್ಲಿ ತಪ್ಪಿಲ್ಲ, ನಾನೇ ನೋಡಿದೆ. ಈ ರಿಪೋರ್ಟ್ ಹಿಡಿದುಕೊಂಡೇ ಡಾಕ್ಟರು ಮುಂದಿನ ಚಿಕಿತ್ಸೆ ಹೇಳುತ್ತಾರೆ, ಅಲ್ವಾ? ಎಲ್ಲಿಂದ ಶುರು ಮಾಡಲಿ?

ಆಂಡ್ರಾಲಜಿ ಲ್ಯಾಬ್, ಮೈಸೂರು:
ಎಣಿಸುವ ಮುಂಚಿನ ಕೆಲಸ ನೋಡಿ. ಜಾಸ್ತಿ ತಪ್ಪಾಗುವುದು ಅಲ್ಲೇ. ಸ್ಯಾಂಪಲ್ ಪೂರ್ತಿ ನೀರಾಗಿದೆಯಾ, ಪ್ರತಿ ಸಲ ತೆಗೆಯುವ ಮುಂಚೆ ಚೆನ್ನಾಗಿ ಕಲಸಿದರಾ? ವೀರ್ಯ ಅಂಟಂಟು, ಮಾಮೂಲಿ ಪಿಪೆಟ್‌ನಲ್ಲಿ ಅಳತೆ ಕಮ್ಮಿ ಬರುತ್ತದೆ, ಅದಕ್ಕೇ ಡಬ್ಲ್ಯೂಎಚ್‌ಒ ಕೈಪಿಡಿಯಲ್ಲಿ ಪಾಸಿಟಿವ್ ಡಿಸ್‌ಪ್ಲೇಸ್‌ಮೆಂಟ್ ಪಿಪೆಟ್ (ಪಿಸ್ಟನ್ ನೇರವಾಗಿ ದ್ರವವನ್ನೇ ತಳ್ಳುವಂಥದ್ದು) ಬಳಸಿ ಅಂತ ಹೇಳಿರುವುದು. ಆಮೇಲೆ ಒಂದೇ ಡೈಲ್ಯೂಷನ್‌ನಿಂದ (ತೆಳು ಮಾಡಿದ ಸ್ಯಾಂಪಲ್) ಎರಡು ಸಲ ಎಣಿಸುವ ಚೇಂಬರ್ ತುಂಬಿಸಬೇಡಿ. ಸ್ಯಾಂಪಲ್‌ನಿಂದಲೇ ಎರಡು ಬೇರೆ ಡೈಲ್ಯೂಷನ್ ಮಾಡಿಸಿ. ಎರಡರಲ್ಲೂ ಕನಿಷ್ಠ 200 ವೀರ್ಯಾಣು ಎಣಿಸಲಿ. ಒಟ್ಟು 400ರ ಹತ್ತಿರ ಬಂದಾಗ ವ್ಯತ್ಯಾಸ ಸುಮಾರು 39 ದಾಟಿದರೆ ಆ ಎರಡೂ ಎಣಿಕೆ ಬಿಟ್ಟು ಮತ್ತೆ ಹೊಸದಾಗಿ ಮಾಡಿಸಿ. ಸರಾಸರಿ ತೆಗೆದು ಮುಂದೆ ಹೋಗಲು ಮಾತ್ರ ಬಿಡಬೇಡಿ, ಆ ಅಭ್ಯಾಸ ಹತ್ತಿದರೆ ಬಿಡಿಸುವುದು ಬಹಳ ಕಷ್ಟ.

ಲ್ಯಾಬ್ ಟೀಚರ್, ಹುಬ್ಬಳ್ಳಿ:
ಮೇಲಿನವರು ಹೇಳಿದ್ದು ಸರಿ. ಮೊಟಿಲಿಟಿ, ಅಂದರೆ ವೀರ್ಯಾಣುಗಳ ಚಲನೆ, ಅದರ ಕಡೆಗೂ ಗಮನ ಕೊಡಿ ಸಾರ್. ಓಡಾಡುವುದರ ಮೇಲೇ ಕಣ್ಣು ಹೋಗುತ್ತದೆ, ಹಾಗಾಗಿ ಹೊಸಬರು ಯಾವಾಗಲೂ ಜಾಸ್ತಿ ಬರೆಯುತ್ತಾರೆ. ಫೀಲ್ಡನ್ನು (ಮೈಕ್ರೋಸ್ಕೋಪ್‌ನಲ್ಲಿ ಒಮ್ಮೆಗೆ ಕಾಣುವ ಜಾಗ) ಆರಿಸಿಕೊಳ್ಳಬಾರದು, ಸುಮ್ನೆ ಸ್ಲೈಡ್ ಇಡುವ ಸ್ಟೇಜ್ ಸರಿಸಿ ಸಿಕ್ಕಿದ್ದನ್ನು ಎಣಿಸಬೇಕು. ಎಣಿಸುತ್ತಿರುವಾಗ ಈಜಿಕೊಂಡು ಒಳಗೆ ಬಂದದ್ದನ್ನು ಸೇರಿಸಬಾರದು. ಡಬ್ಲ್ಯೂಎಚ್‌ಒ ಕೈಪಿಡಿಯ 2021ರ ಆರನೇ ಆವೃತ್ತಿಯಲ್ಲಿ ವೇಗವಾಗಿ ಮುಂದೆ ಹೋಗುವುದನ್ನೂ ನಿಧಾನವಾಗಿ ಹೋಗುವುದನ್ನೂ ಮತ್ತೆ ಬೇರೆ ಬೇರೆ ಮಾಡಿದ್ದಾರೆ. ಅದಕ್ಕೆ 37 ಡಿಗ್ರಿಯ ಬಿಸಿ ಸ್ಟೇಜ್ ಇರಲೇಬೇಕು. ತಣ್ಣನೆ ಸ್ಲೈಡ್‌ನಲ್ಲಿ ಎಲ್ಲವೂ ನಿಧಾನವೇ.

ಆಂಡ್ರಾಲಜಿ ಲ್ಯಾಬ್, ಮೈಸೂರು:
ಇನ್ನೊಂದು ಮಾತು. ಮೊಟಿಲಿಟಿಯ ವಿಡಿಯೋ ತೆಗೆದಿಟ್ಟುಕೊಂಡು ಇಬ್ಬರಿಗೂ ಬೇರೆ ಬೇರೆಯಾಗಿ ಕೊಡಿ, ಒಬ್ಬರ ಉತ್ತರ ಇನ್ನೊಬ್ಬರಿಗೆ ತೋರಿಸಬೇಡಿ. ಕೆಲವು ವಾರ ಗ್ರಾಫ್ ಹಾಕಿ ನೋಡಿ. ಒಬ್ಬರು ಯಾವಾಗಲೂ ಮೇಲೇ ಇದ್ದರೆ ಅದು ಅಭ್ಯಾಸದ ದೋಷ, ತಿದ್ದಬಹುದು. ಒಮ್ಮೆ ಮೇಲೆ ಒಮ್ಮೆ ಕೆಳಗೆ ಬರುತ್ತಿದ್ದರೆ ಕಲಸುವುದನ್ನೂ ಪಿಪೆಟ್ ಹಿಡಿಯುವುದನ್ನೂ ಮೊದಲಿನಿಂದ ಕಲಿಸಿ.

ಲ್ಯಾಬ್ ಇನ್‌ಚಾರ್ಜ್, ದಾವಣಗೆರೆ:
ತುಂಬಾ ಉಪಕಾರವಾಯಿತು. ನಮ್ಮಲ್ಲಿರುವುದು ಮಾಮೂಲಿ ಪಿಪೆಟ್ಟೇ, ನಾಳೆಯೇ ಮ್ಯಾನೇಜ್‌ಮೆಂಟ್ ಹತ್ತಿರ ಹೊಸದು ಕೇಳುತ್ತೇನೆ. ಅದು ಬರುವವರೆಗೆ ಇಬ್ಬರಿಂದಲೂ ಎರಡೆರಡು ಡೈಲ್ಯೂಷನ್ ಮಾಡಿಸುತ್ತೇನೆ.