ಕಂಪ್ಲಿ ಹೊಳೆದಂಡೆಯಲ್ಲಿ ಸಿಕ್ಕ ಚಿಪ್ಪು: ಪಳೆಯುಳಿಕೆ ಹೌದೋ ಅಲ್ವೋ?

ಹೊಳೆದಂಡೆ: ಮೂರು ವಾರದಿಂದ ತಲೆ ಕೆಟ್ಟುಹೋಗಿದೆ. ಕಂಪ್ಲಿ ಹತ್ತಿರ ತುಂಗಭದ್ರೆ ದಂಡೆಯಲ್ಲಿ ಹನ್ನೆರಡು ಚಿಪ್ಪು ಸಿಕ್ಕವು. ಬೆಳ್ಳಗೆ, ಒರಟಾಗಿ ಇವೆ. ನಿಂಬೆರಸ ಹಾಕಿದರೆ ಗುಳ್ಳೆ ಬರುತ್ತದೆ. ಅಂದರೆ ಪಳೆಯುಳಿಕೆ ಅಲ್ವಾ? ಫೋನಿನ ಆ್ಯಪ್ ಒಮ್ಮೆ ಸಮುದ್ರದ್ದು ಅನ್ನುತ್ತದೆ, ಇನ್ನೊಮ್ಮೆ ಪಿಸ್ತಾ ಸಿಪ್ಪೆ ಅನ್ನುತ್ತದೆ.

ಕಲ್ಲುಹುಚ್ಚ: ಗುಳ್ಳೆ ಬಂದರೆ ಸುಣ್ಣ ಇದೆ ಅಂತ ಅಷ್ಟೇ. ಕೋಳಿಮೊಟ್ಟೆ ಸಿಪ್ಪೆಗೂ ಬರುತ್ತದೆ. ನಿಮ್ಮ ಕಡೆ ಇರುವುದು ಗ್ರಾನೈಟು ಮತ್ತು ನೈಸ್ ಅನ್ನುವ ಪಟ್ಟೆಪಟ್ಟೆ ಬಂಡೆ, 250 ಕೋಟಿ ವರ್ಷದ ಆಸುಪಾಸಿನದು, ಕೆಲವು ಅದಕ್ಕೂ ಹಳೆಯದು. ಚಿಪ್ಪಿನ ಪ್ರಾಣಿಗಳು ಹುಟ್ಟಿದ್ದೇ ಹೆಚ್ಚೂಕಡಿಮೆ 55 ಕೋಟಿ ವರ್ಷದಿಂದೀಚೆಗೆ. ಆ ಬಂಡೆಯಲ್ಲಿ ಚಿಪ್ಪು ಹುಡುಕುವುದು ಅಜ್ಜಿಯ ಮದುವೆ ಫೋಟೋದಲ್ಲಿ ಮೊಮ್ಮಗನನ್ನು ಹುಡುಕಿದ ಹಾಗೆ.

ಲಿಂಗಸುಗೂರಿನವ: ಬಂಡೆಯಲ್ಲಿ ಇಲ್ಲದಿದ್ದರೆ ಹೊಳೆ ತಂದಿರಬಹುದಲ್ಲ! ದಖ್ಖನ್ ಲಾವಾ ಪದರಗಳ ನಡುವೆ ಹಳೇ ಕೆರೆಮಣ್ಣು ಕಲ್ಲಾಗಿದೆ, ಗುರುಮಠಕಲ್ ಕಡೆಯೂ ಇದೆ. ಅಂಥ ಪದರಗಳಲ್ಲಿ ಫೈಸಾ ಅನ್ನುವ ಬಸವನಹುಳು ಸಿಗುತ್ತದೆ, ಸುಮಾರು 6.6 ಕೋಟಿ ವರ್ಷದ್ದು. ಕೃಷ್ಣೆ ಆ ಲಾವಾ ದಾಟಿಯೇ ಬರುತ್ತಾಳೆ. ಇದು ಅದೇ, ಬರೆದಿಟ್ಟುಕೊಳ್ಳಿ.

ಕಲ್ಲುಹುಚ್ಚ: ಅವರು ಹೇಳಿದ್ದು ತುಂಗಭದ್ರೆ ಮಾರಾಯರೇ. ಅದು ಕೃಷ್ಣೆ ಸೇರುವುದು ಆಲಂಪುರದ ಹತ್ತಿರ. ನೀರು ಹಿಂದಕ್ಕೆ ಹತ್ತುತ್ತದಾ?

ಲಿಂಗಸುಗೂರಿನವ: ಮರಳು ಲಾರಿ ಹತ್ತುತ್ತದೆ.

ಮ್ಯಾಕ್ರೋಮಾಮ: ಜಗಳ ಬಿಡಿ, ಒಂದು ಒಳ್ಳೆ ಫೋಟೋ ಹಾಕಿ. ನಾನು 100 ಎಂಎಂ ಮ್ಯಾಕ್ರೋ, ರಿಂಗ್ ಲೈಟ್, ಹಿಂದೆ ಕಪ್ಪು ವೆಲ್ವೆಟ್ ಇಟ್ಟು ತೆಗೆಯುತ್ತೇನೆ. ನನ್ನ ಶಹಾಬಾದ್ ಕಲ್ಲಿನ ಫೋಟೋ ನೋಡಿ, ಗಿಡದ ಪಳೆಯುಳಿಕೆ ಎಷ್ಟು ಚೆನ್ನಾಗಿ ಬಂದಿದೆ.

ಕಲ್ಲುಹುಚ್ಚ: ಅದು ಗಿಡ ಅಲ್ಲ, ಬಿರುಕಿನಲ್ಲಿ ಇಳಿದ ಮ್ಯಾಂಗನೀಸ್ ಖನಿಜ ಗಿಡದ ಹಾಗೆ ಹರಡಿದ್ದು. ಎಲ್ಲರೂ ಒಮ್ಮೆ ಮೋಸ ಹೋಗುತ್ತಾರೆ.

ಗಂಗಾವತಿಗ: ಮರಳ ಮೇಲೆ ಬಿದ್ದಿದ್ದವಾ, ದಂಡೆಯ ಮಣ್ಣಿನೊಳಗೆ ಇದ್ದವಾ? ಒಳಗೆ ಮುತ್ತಿನ ಹೊಳಪು, ಹೊರಗೆ ಕಂದುಹಸಿರು ಸಿಪ್ಪೆ ಇದ್ದರೆ ನಮ್ಮ ಹೊಳೆಯ ಮಾಮೂಲಿ ಕಪ್ಪೆಚಿಪ್ಪು, ಲ್ಯಾಮೆಲಿಡೆನ್ಸ್. ಒಳಗೆ ಗಟ್ಟಿ ತುಂಬಿದೆ ಅಂತ ಕಲ್ಲು ಅಂದುಕೊಳ್ಳಬೇಡಿ. ನಾನೂ ಕುಣಿದಿದ್ದೆ. ರಾತ್ರಿ ಬಕೆಟ್‌ನಲ್ಲಿ ನೆನೆಸಿದೆ, ಬೆಳಿಗ್ಗೆ ನೋಡಿದರೆ ಬರೀ ಕೆಸರು.

ಹೊಳೆದಂಡೆ: ಹೇಳಲು ಮರೆತೆ. ಪಂಪ್‌ಸೆಟ್ ಪೈಪಿಗೆ ಅಗೆದ ಕಡೆ, ಎರೆಮಣ್ಣಿನಲ್ಲಿ, ಎದೆಮಟ್ಟಕ್ಕೆ ಇದ್ದವು. ಮಣ್ಣಲ್ಲಿ ಸುಣ್ಣದ ಗರಸೂ ಇತ್ತು. ಹೊಳಪು ಇಲ್ಲವೇ ಇಲ್ಲ, ಸಿಪ್ಪೆಯೂ ಇಲ್ಲ.

ಕಲ್ಲುಹುಚ್ಚ: ಇದನ್ನು ಮೊದಲೇ ಹೇಳಬಾರದಾ! ಹಾಗಾದರೆ ಹಳೇ ನೆರೆಮಣ್ಣಿನದು ಇರಬಹುದು. ಕಲ್ಲಾಗದಿದ್ದರೂ ಸಾವಿರಾರು ವರ್ಷದ್ದಾಗಿರಬಹುದು. ಜೊತೆಗೆ ಮಡಕೆ ಚೂರು, ಬೂದಿ ಇತ್ತಾ? ಸಂಗನಕಲ್ಲು ಥರ ಹೊಸ ಶಿಲಾಯುಗದ ಜಾಗ ಬಳ್ಳಾರಿಯಲ್ಲಿ ಇರುವಾಗ ಸುಮ್ನೆ ಅಗೆಯಬೇಡಿ.

ಗಂಗಾವತಿಗ: ಒಂದು ನಿಮಿಷ. ಹೇಗೆ ತೊಳೆದಿರಿ?

ಹೊಳೆದಂಡೆ: ಟಾಯ್ಲೆಟ್ ಕ್ಲೀನರ್‌ನಲ್ಲಿ, ಅರ್ಧ ಗಂಟೆ. ಎರಡು ತೆಳು ಚಿಪ್ಪು ಕರಗಿಯೇ ಹೋದವು.

ಗಂಗಾವತಿಗ: ಅದು ಆ್ಯಸಿಡ್ ಅಲ್ವಾ ಮಾರಾಯರೇ! ಹೊಳಪನ್ನು ತಿಂದಿದ್ದು ಕಾಲವೋ, ಕ್ಲೀನರೋ? ತೊಳೆಯದ್ದು ಒಂದಾದರೂ ಉಳಿದಿದೆಯಾ?

ಹೊಳೆದಂಡೆ: ಒಂದು ಇದೆ. ಅಮ್ಮ ತುಳಸಿಕಟ್ಟೆ ಮೇಲೆ ಇಟ್ಟು ಕುಂಕುಮ ಹಚ್ಚಿದ್ದಾರೆ. ಕೇಳಿ ನೋಡುತ್ತೇನೆ.

ಲಿಂಗಸುಗೂರಿನವ: ಮಾಮ, ಆ ರಿಂಗ್ ಲೈಟ್ ಎಷ್ಟಕ್ಕೆ ಬಂತು?