ಅಪ್‌ಡೇಟ್: ಕೊಲೆಗಾರನ ಹೆಸರು ಮೊದಲೇ ಬಯಲಾಗುವ ತೊಂದರೆ

ನಮ್ಮ ಮಡಿಕೇರಿಯ ಓದುಗರ ಬಳಗದಲ್ಲಿ, ಪತ್ತೇದಾರಿ ಕಾದಂಬರಿಯನ್ನು ಮುಂದೆ ಓದಿಕೊಂಡವರು ಕೊಲೆಗಾರನ ಹೆಸರನ್ನು ಬಾಯಿಬಿಡುವುದನ್ನು ತಡೆಯುವುದು ಹೇಗೆಂದು ಹಿಂದೆ ಇಲ್ಲಿ ಕೇಳಿದ್ದೆ. ವಾರಕ್ಕೆ ಇಷ್ಟೇ ಅಧ್ಯಾಯ ಎಂಬ ಸಲಹೆ ಫಲಿಸಲಿಲ್ಲ. ಕೊಡಗಿನ ಕಕ್ಕಡ ತಿಂಗಳ ಮಳೆಗೆ ಮನೆಯೊಳಗೇ ಕುಳಿತವರು ಪುಸ್ತಕ ಮುಚ್ಚಿಡುವುದುಂಟೇ! ಕೆಲಸಕ್ಕೆ ಬಂದದ್ದು, ಕೊನೆಯ ಅಧ್ಯಾಯಗಳಿಗೆ ಕ್ಲಿಪ್ ಹಾಕಿ, ಪ್ರತಿಯೊಬ್ಬರೂ ತಮ್ಮ ಸಂಶಯವನ್ನು ಕಾರಣಸಹಿತ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದ ಮೇಲಷ್ಟೇ ಆ ಅಧ್ಯಾಯಗಳನ್ನು ಒಟ್ಟಿಗೆ ಗಟ್ಟಿಯಾಗಿ ಓದಬೇಕೆಂಬ ಸಲಹೆ. ನಾವು ಆರಿಸಿಕೊಂಡದ್ದು ಅಗಾಥಾ ಕ್ರಿಸ್ಟಿಯವರ 1926ರ ‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’. ಊರಿನ ವೈದ್ಯನೇ ಕಥೆ ಹೇಳುವ ಅದರಲ್ಲಿ, ಮನೆಯಲ್ಲಿ ಕುಳಿತೇ ಊರ ಸುದ್ದಿಯನ್ನೆಲ್ಲ ಕಲೆಹಾಕುವ ಅವನ ಅಕ್ಕ ಕ್ಯಾರೊಲಿನ್ ಎಲ್ಲರಿಗೂ ಪರಿಚಿತಳೆನಿಸಿದಳು. ಅಚ್ಚರಿಯೆಂದರೆ, ಅಂತ್ಯ ಮೊದಲೇ ಗೊತ್ತಿದ್ದ ಸದಸ್ಯರೊಬ್ಬರು ತುಟಿಪಿಟಕ್ಕೆನ್ನದೆ, ಲೇಖಕಿ ಸುಳಿವುಗಳನ್ನು ಕಣ್ಣೆದುರಿಗೇ ಇಟ್ಟಿರುವ ಸಾಲುಗಳಿಗೆ ಪೆನ್ಸಿಲ್ ಗುರುತು ಹಾಕುತ್ತಿದ್ದರು. ಓದು ಮುಗಿದ ಮೇಲೆ ಚರ್ಚೆಯೆಲ್ಲ ನಡೆದದ್ದು ಆ ಗುರುತುಗಳ ಮೇಲೆಯೇ.