ಇನ್ಸುಲಿನೋಮಾ ಅನುಮಾನ, ಸಿ.ಟಿ. ನಾರ್ಮಲ್: ಮುಂದೇನು?

ಮೆಡಿಸಿನ್ ಪಿ.ಜಿ.:
38ರ ಮಹಿಳೆ. ಬೆಳಗಿನ ಜಾವ ಬೆವರು, ತೊದಲು, ಮಂಕು. ಸಕ್ಕರೆ ನೀರು ಕುಡಿಸಿದರೆ ಸ್ವಲ್ಪ ಹೊತ್ತಲ್ಲೇ ಸರಿಹೋಗುತ್ತಾರೆ. ಮೂರ್ಛೆರೋಗವೆಂದು ಮಾತ್ರೆ ನಡೆಯುತ್ತಿದೆ. ಗ್ಲುಕೋಮೀಟರಿನಲ್ಲಿ ಶುಗರ್ 41. ಇನ್ಸುಲಿನೋಮಾ (ಇನ್ಸುಲಿನ್ ಸುರಿಸುವ ಮೇದೋಜೀರಕ ಗ್ರಂಥಿಯ ಗಡ್ಡೆ) ಅನುಮಾನ, ಆದರೆ ಮಾಮೂಲಿ ಹೊಟ್ಟೆ ಸಿ.ಟಿ.ಯಲ್ಲಿ ಗಡ್ಡೆ ಇಲ್ಲ. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಬಾಯಿಂದ ಇಳಿಸಿದ ನಳಿಕೆಯ ತುದಿಯಿಂದ ನೋಡುವುದು) ಮಾಡಿಸಲೇ, ವಿಕಿರಣ ಮದ್ದು ಕೊಟ್ಟು ತೆಗೆಯುವ ಪೆಟ್ ಸ್ಕ್ಯಾನ್‌ಗೇ ಕಳಿಸಲೇ?

ಎಂಡೋಕ್ರೈನಾಲಜಿ:
ಸದ್ಯಕ್ಕೆ ಎರಡೂ ಬೇಡ ಡಾಕ್ಟರೇ. ಶುಗರ್ ಇಳಿದಾಗಲೂ ಇನ್ಸುಲಿನ್ ನಿಲ್ಲುತ್ತಿಲ್ಲ ಎಂಬುದು ಮೊದಲು ರಕ್ತದಲ್ಲಿ ಸಾಬೀತಾಗಲಿ. ವಾರ್ಡಿನಲ್ಲಿ ಸೇರಿಸಿಕೊಂಡು, ಐ.ವಿ. ಲೈನ್ ಹಾಕಿ, 72 ಗಂಟೆಯ ಉಪವಾಸ ಪರೀಕ್ಷೆ ಮಾಡಿ. ನೀರು ಮಾತ್ರ ಕೊಡಿ. 6 ಗಂಟೆಗೊಮ್ಮೆ ರಕ್ತ. ಶುಗರ್ 60ಕ್ಕೆ ಇಳಿದ ಮೇಲೆ 1–2 ಗಂಟೆಗೊಮ್ಮೆ. ಲಕ್ಷಣ ಕಂಡು ಶುಗರ್ 45ಕ್ಕೆ ಬಂದರೆ ಪರೀಕ್ಷೆ ಮುಗಿಯಿತು, ಆದರೆ ಡೆಕ್ಸ್‌ಟ್ರೋಸ್ ಕೊಡುವ ಮುನ್ನ ಸ್ಯಾಂಪಲ್ ತೆಗೆಯಲೇಬೇಕು. ಆ ಸ್ಯಾಂಪಲ್ ತಪ್ಪಿದರೆ ಉಪವಾಸವೇ ವ್ಯರ್ಥ.

ಶುಗರ್ 55ಕ್ಕಿಂತ ಕಡಿಮೆ ಇರುವಾಗ ಇನ್ಸುಲಿನ್ 3 ಮೈಕ್ರೋಯೂನಿಟ್/ಮಿ.ಲೀ. ಅಥವಾ ಹೆಚ್ಚು, ಸಿ-ಪೆಪ್ಟೈಡ್ (ದೇಹವೇ ಇನ್ಸುಲಿನ್ ತಯಾರಿಸುವಾಗ ಜೊತೆಗೆ ಬರುವ ತುಣುಕು) 0.6 ನ್ಯಾನೋಗ್ರಾಂ/ಮಿ.ಲೀ. ಅಥವಾ ಹೆಚ್ಚು, ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ (ಕೊಬ್ಬು ಕರಗಿದಾಗ ಬರುವ ಕೀಟೋನ್) 2.7 ಮಿಲಿಮೋಲ್/ಲೀ. ಅಥವಾ ಕಡಿಮೆ ಇದ್ದರೆ ಇನ್ಸುಲಿನೋಮಾ ಕಡೆಗೇ ಬೊಟ್ಟು. ಆದರೆ ಸಲ್ಫೊನಿಲ್‌ಯೂರಿಯಾ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದರೂ ಇದೇ ಚಿತ್ರ! ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಮಾತ್ರೆ ಅದಲುಬದಲಾಗಿರಬಹುದು, ಅದೇ ಸ್ಯಾಂಪಲ್ಲಿನಲ್ಲಿ ಅದನ್ನೂ ಹುಡುಕಿಸಿ. ಇನ್ಸುಲಿನ್ ಹೆಚ್ಚಿದ್ದು ಸಿ-ಪೆಪ್ಟೈಡ್ ತಳ ಕಂಡಿದ್ದರೆ ಅದು ಹೊರಗಿನಿಂದ ಚುಚ್ಚಿದ ಇನ್ಸುಲಿನ್.

ಲ್ಯಾಬ್:
ಗ್ಲುಕೋಮೀಟರ್ ಅಂಕಿ ನೋಡಿ ಪರೀಕ್ಷೆ ನಿಲ್ಲಿಸಬೇಡಿ. ಕೆಳಮಟ್ಟದಲ್ಲಿ ಅದನ್ನು ನಂಬುವಂತಿಲ್ಲ. ಗ್ಲೂಕೋಸಿಗೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್, ತಕ್ಷಣ ರವಾನೆ. ಇನ್ಸುಲಿನ್ ಸ್ಯಾಂಪಲ್ ಹೀಮೊಲೈಸ್ ಆದರೆ (ಕೆಂಪುಕಣ ಒಡೆದರೆ) ಆ ಕಣದ ಕಿಣ್ವ ಇನ್ಸುಲಿನ್ನನ್ನು ಒಡೆದು, ಅಂಕಿ ಸುಳ್ಳೇ ಕಡಿಮೆ ಬರುತ್ತದೆ. ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದಾರೋ ಕೇಳಿ. ಕೆಲವು ಮೆಷಿನ್‌ಗಳಲ್ಲಿ ಅದೂ ರಿಪೋರ್ಟ್ ಕೆಡಿಸುತ್ತದೆ.

ಸರ್ಜರಿ:
ರಕ್ತದಲ್ಲಿ ಖಚಿತವಾದರೆ ಸಿ.ಟಿ. ಮತ್ತೊಮ್ಮೆ ಮಾಡಿಸಿ, ಈ ಬಾರಿ ಮೇದೋಜೀರಕ ಗ್ರಂಥಿಗೆಂದೇ ತೆಳು ಸ್ಲೈಸ್, ಆರ್ಟೀರಿಯಲ್ ಫೇಸ್ (ಕಾಂಟ್ರಾಸ್ಟ್ ಮದ್ದು ಅಪಧಮನಿಯಲ್ಲಿರುವ ಹೊತ್ತಿನ ಚಿತ್ರ) ಸಹಿತ. ಈ ಗಡ್ಡೆಗಳು ಬಹುಪಾಲು 2 ಸೆಂ.ಮೀ.ಗಿಂತ ಚಿಕ್ಕವು, ಆ ಕೆಲವೇ ಸೆಕೆಂಡು ಬೆಳಗಿ ಮರೆಯಾಗುತ್ತವೆ. ಆಮೇಲೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್. ಗ್ರಂಥಿಯ ಬಾಲದ ಗಡ್ಡೆ ಅದರ ಕಣ್ಣಿಗೂ ತಪ್ಪುವುದುಂಟು. ಅಲ್ಲಿಯೂ ಸಿಗದಿದ್ದರೆ ಗ್ಯಾಲಿಯಂ-68 ಎಕ್ಸೆಂಡಿನ್ ಪೆಟ್ (ಇನ್ಸುಲಿನ್ ತಯಾರಿಸುವ ಬೀಟಾ ಕಣಗಳಿಗೆ ಅಂಟುವ ಮದ್ದಿನ ಪೆಟ್). ಇಂಥ ಬೇರೆ ಹಾರ್ಮೋನ್ ಗಡ್ಡೆಗಳಿಗೆ ಬಳಸುವ ಡೋಟಾಟೇಟ್ ಪೆಟ್ ಇಲ್ಲಿ ಅಷ್ಟು ನಂಬಿಕಸ್ಥವಲ್ಲ. ಎಕ್ಸೆಂಡಿನ್ ಕೊಟ್ಟಾಗ ಶುಗರ್ ಕುಸಿಯಬಹುದು, ಡೆಕ್ಸ್‌ಟ್ರೋಸ್ ಕೈಯಳತೆಯಲ್ಲಿರಲಿ.

ಗಡ್ಡೆ ಸಿಗಲಿಲ್ಲವೆಂದು ಅಂದಾಜಿನ ಮೇಲೆ ಬಾಲ ಕತ್ತರಿಸುವುದು ಬೇಡವೇ ಬೇಡ. ಆಪರೇಷನ್ನಿಗೆ ಮುಂಚೆ ಕ್ಯಾಲ್ಸಿಯಂ, ಪಿ.ಟಿ.ಎಚ್. (ಪ್ಯಾರಾಥೈರಾಯ್ಡ್ ಹಾರ್ಮೋನ್), ಪ್ರೊಲ್ಯಾಕ್ಟಿನ್ ನೋಡಿ; ಮೆನ್-1 (ಹಲವು ಹಾರ್ಮೋನ್ ಗ್ರಂಥಿಗಳಲ್ಲಿ ಗಡ್ಡೆ ಬರುವ ವಂಶಪಾರಂಪರ್ಯ ಕಾಯಿಲೆ) ಇದ್ದರೆ ಗಡ್ಡೆ ಒಂದಲ್ಲ, ಹಲವಿರಬಹುದು. ಟೇಬಲ್ ಮೇಲೆ ಗ್ರಂಥಿಯನ್ನು ಬಿಡಿಸಿಕೊಂಡು ಬೆರಳಿನಿಂದಲೂ ಅಲ್ಟ್ರಾಸೌಂಡಿನಿಂದಲೂ ಹುಡುಕುತ್ತೇವೆ. ಗ್ರಂಥಿಯ ಮುಖ್ಯ ನಾಳದಿಂದ 2–3 ಮಿ.ಮೀ. ಅಂತರವಿದ್ದರೆ ಗಡ್ಡೆಯನ್ನಷ್ಟೇ ಬಿಡಿಸಿ ತೆಗೆಯಬಹುದು. ನಾಳಕ್ಕೆ ತಾಗಿದ್ದರೆ, ಅದೂ ಬಾಲದಲ್ಲಿದ್ದರೆ, ಗುಲ್ಮ ಉಳಿಸಿ ಆ ಭಾಗ ತೆಗೆಯುವುದೇ ಕ್ಷೇಮ. ದೊಡ್ಡ ತೊಡಕೆಂದರೆ ಮೇದೋಜೀರಕ ರಸದ ಸೋರಿಕೆ: ಮೂರನೇ ದಿನ ಡ್ರೇನ್ (ದ್ರವ ಹೊರಹಾಕುವ ನಳಿಕೆ) ದ್ರವದ ಅಮೈಲೇಸ್ (ಆ ರಸದ ಕಿಣ್ವ) ರಕ್ತದ ಗರಿಷ್ಠ ಮಿತಿಯ 3 ಪಟ್ಟು ಮೀರಿದ್ದರೆ ಡ್ರೇನ್ ಎಳೆಯಬೇಡಿ. ಮೊದಲ ದಿನಗಳಲ್ಲಿ ಶುಗರ್ ಏರುವುದು ನಿರೀಕ್ಷಿತವೇ, ಇಷ್ಟು ದಿನ ಅಡಗಿದ್ದ ಒಳ್ಳೆಯ ಬೀಟಾ ಕಣಗಳು ಎಚ್ಚರಗೊಳ್ಳಲು ಸಮಯ ಬೇಕು.

ಮೆಡಿಸಿನ್ ಪಿ.ಜಿ.:
ಥ್ಯಾಂಕ್ಸ್ ಸರ್. ಆಪರೇಷನ್ ತನಕ ರಾತ್ರಿ ಶುಗರ್ ಹಿಡಿಯುವುದು ಹೇಗೆ?

ಎಂಡೋಕ್ರೈನಾಲಜಿ:
ಉಪವಾಸ ಪರೀಕ್ಷೆ ಮುಗಿದ ಮೇಲೆ ಡಯಾಜಾಕ್ಸೈಡ್ (ಇನ್ಸುಲಿನ್ ಸುರಿಯುವುದನ್ನು ತಡೆಯುವ ಔಷಧಿ), ದಿನಕ್ಕೆ ಕೆ.ಜಿ.ಗೆ 3 ಮಿ.ಗ್ರಾಂ.ನಿಂದ, 2–3 ಪಾಲು ಮಾಡಿ. ಕಾಲು ಊದಿದರೆ ಥಯಾಜೈಡ್ (ಮೂತ್ರ ಹೆಚ್ಚಿಸುವ ಮಾತ್ರೆ) ಸೇರಿಸಿ. ಮಲಗುವಾಗ ಹಸಿ ಕಾರ್ನ್‌ಫ್ಲೋರ್ ನೀರಿನಲ್ಲಿ ಕದಡಿ ಕುಡಿಸಿ. ಇನ್ಸುಲಿನ್ ತಗ್ಗಿಸಲು ಚುಚ್ಚುವ ಆಕ್ಟ್ರಿಯೊಟೈಡ್, ಶುಗರ್ ಏರಿಸುವ ಹಾರ್ಮೋನ್ ಗ್ಲುಕಗಾನನ್ನೂ ತಗ್ಗಿಸಿ ಶುಗರ್ ಇನ್ನಷ್ಟು ಇಳಿಸಬಹುದು, ಮೊದಲ ಡೋಸ್ ವಾರ್ಡಿನಲ್ಲೇ ಆಗಲಿ.